ನಿದ್ದೆ ಎಷ್ಟು ಗಂಟೆ?

ನೋವು ಎಷ್ಟು ಅಂತ ಕೇಳಿದರೆ ಎರಡು ಅನ್ನಬೇಕು.

ಲಾಂಡ್ರಿಯ ಹೆಂಗಸರಿಗೆಲ್ಲ ಇದು ಬಾಯಿಪಾಠ. ತಿಂಗಳ ಮೊದಲ ಸೋಮವಾರ ಡಾಕ್ಟರು ಬರುತ್ತಾರೆ. ಬಾಯ್ಲರ್ ಕೋಣೆಯ ಹಿಂದೆ ಒಂದು ಮೇಜು, ಎರಡು ಕುರ್ಚಿ. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟಿದೆ ಅಂತ ಕೇಳುತ್ತಾರೆ. ಸೊನ್ನೆ ಅಂದರೆ ನಂಬುವುದಿಲ್ಲ. ಐದು ದಾಟಿದರೆ 'ವಿಶ್ರಾಂತಿ' ಅಂತ ಚೀಟಿ ಬರೆಯುತ್ತಾರೆ. ವಿಶ್ರಾಂತಿ ಅಂದರೆ ಮನೆಗೆ ಹೋಗು ಅಂತ. ಎರಡು ಸಲ ವಿಶ್ರಾಂತಿ ಬಂದವಳ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೆಸರು ಹೋದರೆ ಲಾಂಡ್ರಿ ಕೊಟ್ಟ ಕೋಣೆಯೂ ಹೋಗುತ್ತದೆ. ಅದಕ್ಕೇ ಎರಡು. ಎರಡು ಅಂದರೆ ನಾಲ್ಕು ಮಾತ್ರೆ, ಒಂದು ರುಜು, ಮುಂದಿನವರು ಬನ್ನಿ.

ನಲವತ್ತು ಹೆಂಗಸರು ಆರು ವರ್ಷದಿಂದ ಎರಡು ಅನ್ನುತ್ತ ಬಂದಿದ್ದರು. ಒಬ್ಬಳಿಗೆ ಮಂಡಿ ಮಡಿಸಲು ಬರುತ್ತಿರಲಿಲ್ಲ. ಎರಡು. ಒಬ್ಬಳು ತೋಳೆತ್ತಿ ತಲೆ ಬಾಚಿಕೊಳ್ಳಲಾರದೆ ಕೂದಲನ್ನೇ ಕತ್ತರಿಸಿಕೊಂಡಿದ್ದಳು. ಎರಡು. ಉದ್ದಕ್ಕನಿಗೂ ಎರಡೇ. ಅವಳ ಸೊಂಟದಲ್ಲಿ ಹುಟ್ಟಿದ ನೋವು ಕಾದ ತಂತಿಯ ಹಾಗೆ ಎಡಗಾಲಿನ ಹೆಬ್ಬೆರಳಿನ ತನಕ ಇಳಿಯುತ್ತಿತ್ತು. ಕಕ್ಕಸಿನಲ್ಲಿ ಕೂತರೆ ಏಳಲು ಗೋಡೆ ಹಿಡಿಯಬೇಕಿತ್ತು. ಸೀನು ಬಂದರೆ ಹೆದರಿಕೆಯಾಗುತ್ತಿತ್ತು.

ಎತ್ತರದಿಂದ ಅವಳಿಗೆ ಆ ಹೆಸರು ಬಂದಿತ್ತು. ಬಾಗಿಲಲ್ಲಿ ತಲೆ ತಗ್ಗಿಸಿ ಬರುವ ಹೆಂಗಸು ಲಾಂಡ್ರಿಯಲ್ಲಿ ಅವಳೊಬ್ಬಳೇ. ಅವಳ ಜೋಡಿ ಕುಳ್ಳಿ. ಕುಳ್ಳಿಯ ನೆತ್ತಿ ಉದ್ದಕ್ಕನ ಎದೆಗೂ ಬರುತ್ತಿರಲಿಲ್ಲ.

ಕೆಲಸ ಬೆಡ್‌ಶೀಟಿನದು. ಒಂದು ದೊಡ್ಡ ಆಸ್ಪತ್ರೆಯ ಹಾಸಿಗೆಗಳ ಮೇಲಿನದೆಲ್ಲ ಇಲ್ಲಿಗೆ ಬರುತ್ತಿತ್ತು. ರಕ್ತ, ಕೀವು, ವಾಂತಿ, ಬಾಯಲ್ಲಿ ಹೇಳಬಾರದ್ದು, ಎಲ್ಲ ಅದಕ್ಕೆ ಅಂಟಿಕೊಂಡೇ ಬರುತ್ತಿತ್ತು. ಒಗೆದ ಬೆಡ್‌ಶೀಟುಗಳನ್ನು ಇಬ್ಬರು ಎಳೆದು ಬಿಸಿ ರೋಲರ್‌ಗೆ ಉಣಿಸಬೇಕು. ಆಚೆ ಕಡೆ ಅದು ಸುಡುತ್ತ ಹೊರಬರುತ್ತದೆ. ಅಲ್ಲಿ ಇನ್ನಿಬ್ಬರು ನಿಂತಿರಬೇಕು. ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು, ಜಾಡಿಸಿ, ಎದುರುಬದುರು ನಡೆದು ಬಂದು ಒಬ್ಬಳ ಕೈಯ ಮೂಲೆಯನ್ನು ಇನ್ನೊಬ್ಬಳ ಕೈಗೆ ಕೊಡಬೇಕು. ಮಡಿಸಬೇಕು. ಮತ್ತೆ ಹಿಂದಕ್ಕೆ ಹೋಗಬೇಕು. ದಿನಕ್ಕೆ ಎಂಟುನೂರು ಸಲ.

ಎಂಟುನೂರು ಸಲವೂ ಉದ್ದಕ್ಕ ಕುಳ್ಳಿಯ ಎತ್ತರಕ್ಕೆ ಬಾಗಬೇಕು. ಎಂಟುನೂರು ಸಲವೂ ಕುಳ್ಳಿ ಉದ್ದಕ್ಕನ ಎತ್ತರಕ್ಕೆ ತೋಳು ಎತ್ತಬೇಕು. ಜೋಡಿ ಬದಲಾಯಿಸಿ, ಎತ್ತರ ನೋಡಿ ಹಾಕಿ ಅಂತ ಇಬ್ಬರೂ ಕೇಳಿದ್ದರು. ಜೋಡಿ ಕಂಪ್ಯೂಟರ್ ಹಾಕಿದ್ದು, ಅದು ಯಾರ ಮಾತೂ ಕೇಳಲ್ಲ ಅಂತ ಉತ್ತರ ಬಂದಿತ್ತು.

"ನನ್ನ ಸೊಂಟ ತಿಂದವಳು ನೀನೇ ಕಣೇ," ಅನ್ನುತ್ತಿದ್ದಳು ಉದ್ದಕ್ಕ.

"ನನ್ನ ಹೆಗಲು ಅಗಿದವಳು ನೀನಲ್ವಾ ಅಕ್ಕ. ನಾಳೆಯಿಂದ ಎತ್ತರ ಹಿಮ್ಮಡಿ ಚಪ್ಪಲಿ ಹಾಕ್ಕೊಂಡು ಬರ್ಲಾ?"

"ನೀನು ಸ್ಟೂಲ್ ಕಟ್ಕೊಂಡು ಬಂದ್ರೂ ಸಾಲಲ್ಲ."

ನಗುತ್ತಿದ್ದರು. ನಕ್ಕರೆ ಉದ್ದಕ್ಕನ ಪಕ್ಕೆ ಹಿಡಿದುಕೊಳ್ಳುತ್ತಿತ್ತು.

ಇಷ್ಟಾದರೂ ತಾಳಬಹುದಿತ್ತು. ದುಡಿದ ಮೈಗೆ ಒಂದು ಒಳ್ಳೆಯ ನಿದ್ದೆ ಬಿದ್ದರೆ ಬೆಳಿಗ್ಗೆ ಅದು ಮತ್ತೆ ತನ್ನದಾಗುತ್ತದೆ. ಆ ನಿದ್ದೆಗೇ ಕೈ ಹಾಕಿದ್ದರು. ಮೂರು ವರ್ಷದ ಹಿಂದೆ ತುಂಡು ಪಾಳಿ ಬಂತು. ಬೆಳಿಗ್ಗೆ ಐದು ಗಂಟೆ ಹೊತ್ತು ದುಡಿ, ಮನೆಗೆ ಹೋಗು, ಮತ್ತೆ ಬಂದು ಐದು ಗಂಟೆ ದುಡಿ. ಯಾವ ಐದು ಗಂಟೆ ಅನ್ನುವುದು ಆಸ್ಪತ್ರೆಯಿಂದ ಎಷ್ಟು ಕೊಳೆ ಬಟ್ಟೆ ಬರುತ್ತದೆ ಅನ್ನುವುದರ ಮೇಲೆ. ಅದನ್ನು ತೀರ್ಮಾನಿಸುವವನು ಸೂಪರ್‌ವೈಸರ್. ಅವನನ್ನು ಎಲ್ಲರೂ ಪಟ್ಟಿಯವನು ಅನ್ನುತ್ತಿದ್ದರು. ಅವನ ಪಟ್ಟಿ ಫೋನಿಗೆ ಬರುತ್ತಿತ್ತು. ಸಂಜೆ ಬರಬಹುದು, ನಡುರಾತ್ರಿ ಬರಬಹುದು. ಬಂದ ಕಾಲು ಗಂಟೆಯೊಳಗೆ 'ಸರಿ' ಅಂತ ಒತ್ತಬೇಕು. ಒತ್ತದಿದ್ದರೆ ಆ ಪಾಳಿ ಬೇರೆಯವಳಿಗೆ. ವಾರದಲ್ಲಿ ಮೂರು ಸಲ ತಪ್ಪಿದರೆ ಹೆಸರು ಕೆಳಗೆ, ಇನ್ನೂ ತಪ್ಪಿದರೆ ಹೊರಗೆ.

ಉದ್ದಕ್ಕ ಫೋನನ್ನು ಕತ್ತಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ಅದು ಹೊಡೆದುಕೊಳ್ಳದಿದ್ದರೂ ಹೊಡೆದುಕೊಂಡ ಹಾಗೆ ಕೇಳುತ್ತಿತ್ತು. ಎದ್ದು ನೋಡಿದರೆ ಏನೂ ಇರುತ್ತಿರಲಿಲ್ಲ. ಎದ್ದ ಮೇಲೆ ಸೊಂಟ ಮಾತಾಡಲು ಶುರುಮಾಡುತ್ತಿತ್ತು. ಸೊಂಟ ಸುಮ್ಮನಾಗುವ ಹೊತ್ತಿಗೆ ಫೋನು ನಿಜವಾಗಿಯೂ ಹೊಡೆದುಕೊಳ್ಳುತ್ತಿತ್ತು. ಮೂರು ವರ್ಷ ಹೀಗೇ. ಮೊದಮೊದಲು ಸೊಂಟ ಮಾತ್ರ ನೋಯುತ್ತಿತ್ತು. ಆಮೇಲೆ ಕತ್ತು, ದವಡೆ, ಹಲ್ಲಿನ ಬುಡ, ಕಣ್ಣಿನ ಹಿಂದೆ. ಕೊನೆಗೆ ಮಗಳು ಹೆಗಲ ಮೇಲೆ ಕೈ ಇಟ್ಟರೂ ಮೈ ಉರಿಯುತ್ತಿತ್ತು. "ಮುಟ್ಟಬೇಡ" ಅಂದುಬಿಟ್ಟಿದ್ದಳು ಒಂದು ದಿನ. ಹದಿನೈದರ ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡು ಪುಸ್ತಕ ಎತ್ತಿಕೊಂಡು ಬಾಗಿಲ ಹೊರಗೆ ಹೋಗಿ ಕೂತಳು. ಅಂದಿನಿಂದ ಅವಳು ತಾಯಿಯನ್ನು ಮುಟ್ಟುವುದನ್ನು ಬಿಟ್ಟಳು.

ಒಂದೇ ಕೋಣೆ. ಕಿಟಕಿಯ ಪಕ್ಕ ಅತ್ತೆಯ ಮಂಚ. ಗಂಡ ಸತ್ತು ಐದು ವರ್ಷವಾದರೂ ಅತ್ತೆ ಸೊಸೆಯನ್ನು ಬಿಟ್ಟು ಹೋಗಲಿಲ್ಲ, ಸೊಸೆಯೂ ಬಿಡಲಿಲ್ಲ. ಮಧ್ಯಾಹ್ನ ಸೊಸೆ ಹೊರಳಾಡುವುದನ್ನು ಮುದುಕಿ ಮಂಚದ ಮೇಲಿಂದ ನೋಡುತ್ತಿದ್ದಳು.

"ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಅಂತಾರೆ. ನಿನಗೆ ಮನೇಲೂ ಇಲ್ಲವಲ್ಲೇ."

"ಚಿಂತೆನ ಒಂದು ಗಳಿಗೆ ನೀವಿಟ್ಕೊಳ್ಳಿ ಅತ್ತೆ. ಮಲಗಿ ಎದ್ದು ಈಸ್ಕೊಳ್ತೀನಿ."

"ನನ್ನ ಹತ್ರ ಜಾಗ ಎಲ್ಲಿದೆ? ನನ್ನ ಮಗ ಹೋದದ್ದೇ ತುಂಬ್ಕೊಂಡಿದೆ."

ಆ ತಿಂಗಳ ಮೊದಲ ಸೋಮವಾರ ಹಳೆಯ ಡಾಕ್ಟರು ಬರಲಿಲ್ಲ. ಅವರ ಬದಲು ಒಬ್ಬ ಡಾಕ್ಟರಮ್ಮ ಬಂದರು. ಸಾಲಿನಲ್ಲಿ ಉದ್ದಕ್ಕನೇ ಮೊದಲು.

"ನೋವು ಎಷ್ಟು?"

"ಎರಡು."

ಡಾಕ್ಟರಮ್ಮ ಬರೆದುಕೊಂಡರು. ಆಮೇಲೆ ಹಾಳೆಯ ಕೆಳಗೆ ಬೆರಳಿಟ್ಟು ಇನ್ನೊಂದು ಪ್ರಶ್ನೆ ಕೇಳಿದರು. ಅದು ಹೊಸ ಪ್ರಶ್ನೆ. ಅದಕ್ಕೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ.

"ದಿನಕ್ಕೆ ನಿದ್ದೆ ಎಷ್ಟು ಗಂಟೆ ಆಗುತ್ತೆ?"

ಉದ್ದಕ್ಕ ಯೋಚಿಸಿದಳು. ನೋವು ಲಾಂಡ್ರಿಯದು. ನಿದ್ದೆ ಮನೆಯದು. ಮನೆಯ ವಿಷಯ ಹೇಳಿದರೆ ಇವರಿಗೇನು?

"ಮೂರು ಗಂಟೆ. ಅದೂ ಒಂದೇ ಸಲಕ್ಕಲ್ಲ, ಚೂರು ಚೂರು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಷ್ಟು ದಿನದಿಂದ?"

ಅಷ್ಟೇ ಸಾಕಾಯಿತು. ಎಷ್ಟು ದಿನದಿಂದ ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ತುಂಡು ಪಾಳಿ, ಪಟ್ಟಿ, ಕತ್ತಿನ ಕೆಳಗಿನ ಫೋನು, ಹೊಡೆದುಕೊಳ್ಳದೆ ಹೊಡೆದುಕೊಳ್ಳುವುದು, ಎಲ್ಲ ಬಾಯಿಂದ ಸುರಿದುಹೋಯಿತು. ಸಾಲು ಹಿಂದೆ ಗೊಣಗುತ್ತಿತ್ತು.

"ನೋಡಿ," ಅಂದರು ಡಾಕ್ಟರಮ್ಮ. "ಮೈಯೊಳಗೆ ಒಂದು ಕಾವಲುನಾಯಿ ಇದೆ ಅಂದ್ಕೊಳ್ಳಿ. ಕಳ್ಳ ಬಂದಾಗ ಬೊಗಳಬೇಕು, ಆಮೇಲೆ ಮಲಗಬೇಕು. ಅದನ್ನ ಮಲಗೋಕೇ ಬಿಡದೆ ಮೂರು ವರ್ಷ ನಿಲ್ಸಿದ್ರೆ? ಎಲೆ ಅಲ್ಲಾಡಿದ್ರೂ ಬೊಗಳುತ್ತೆ. ನಿಮ್ಮ ಮೈ ಹಾಗಾಗಿದೆ. ಚಿಂತೆ ನಿದ್ದೆ ಕೆಡಿಸುತ್ತೆ, ನಿದ್ದೆಗೆಟ್ರೆ ನೋವು ಹೆಚ್ಚಾಗುತ್ತೆ, ನೋವಿದ್ರೆ ಮತ್ತೆ ನಿದ್ದೆ ಬರಲ್ಲ. ಬರೀ ಮಾತ್ರೆಯಿಂದ ಇದು ಹೋಗಲ್ಲ. ಪಾಳಿ ಬದಲಾಗ್ಬೇಕು. ನಾನು ಬರೀತೀನಿ."

ಉದ್ದಕ್ಕ ಹೊರಗೆ ಬಂದಾಗ ಅವಳ ಮುಖ ನೋಡಿ ಎಲ್ಲರೂ ಹೆದರಿದರು. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಹೊಸ ಪ್ರಶ್ನೆ ಕೇಳ್ತಾರೆ ಕಣ್ರೇ. ನಿದ್ದೆ ಎಷ್ಟು ಗಂಟೆ ಅಂತ. ನೋವಿಗೆ ಎರಡೇ ಹೇಳಿ. ನಿದ್ದೆಗೆ ನಿಜ ಹೇಳಿ. ನಾನು ಮೂರು ಗಂಟೆ ಅಂದೆ. ಅದಕ್ಕೇನೂ ಆಗಲ್ಲ. ಒಳ್ಳೆಯವರು. ಪಾಳಿ ಬದಲಾಯಿಸೋಕೆ ಬರೀತಾರಂತೆ."

ಅವಳ ಮಾತು ನಂಬಿ ಹತ್ತು ಜನ ನಿಜ ಹೇಳಿದರು. ಕುಳ್ಳಿ ಅವಳ ಮಾತು ನಂಬಿದ ಮೊದಲನೆಯವಳು. ಎರಡು ಗಂಟೆ ಅಂದಳು. ಮನೆಯಲ್ಲಿ ಹಾಲು ಕುಡಿಯುವ ಕೂಸು, ಅದರ ಮೇಲೊಂದು ಎರಡು ವರ್ಷದ್ದು. ಎರಡು ಗಂಟೆಯೂ ಹೆಚ್ಚೇ.

ಒಂಬತ್ತು ದಿನವಾಯಿತು. ಬುಧವಾರ ಬೆಳಗಿನ ಪಾಳಿ ಮುಗಿಸಿ ಹೊರಡುವಾಗ ನೋಟೀಸ್ ಬೋರ್ಡಿನ ಮುಂದೆ ಹೆಂಗಸರು ಗುಂಪುಗೂಡಿದ್ದರು. ಉದ್ದಕ್ಕ ಎಲ್ಲರ ತಲೆಯ ಮೇಲಿಂದ ಓದಿದಳು.

"ವೈದ್ಯಕೀಯ ವರದಿಯ ಪ್ರಕಾರ, ಐದು ಗಂಟೆಗಿಂತ ಕಡಿಮೆ ನಿದ್ದೆ ಮಾಡುವವರನ್ನು ಬಿಸಿ ಯಂತ್ರದ ಬಳಿ ನಿಲ್ಲಿಸುವುದು ಅಪಾಯಕರ. ಆದ್ದರಿಂದ ಈ ಕೆಳಗಿನವರ ಹೆಸರುಗಳನ್ನು ಪಟ್ಟಿಯಿಂದ ತೆಗೆಯಲಾಗಿದೆ. ಶನಿವಾರದೊಳಗೆ ಕೋಣೆ ತೆರವು ಮಾಡತಕ್ಕದ್ದು."

ಹತ್ತು ಹೆಸರು. ಮೊದಲನೆಯದು ಕುಳ್ಳಿಯದು.

ನಿದ್ದೆ ಕಿತ್ತುಕೊಂಡವರು ಇವರು. ನಿದ್ದೆ ಇಲ್ಲ ಅಂತ ಈಗ ಹೊರಗೆ ಹಾಕುತ್ತಿರುವವರೂ ಇವರೇ. ಉದ್ದಕ್ಕ ಮತ್ತೊಮ್ಮೆ ಓದಿದಳು, ಮಗದೊಮ್ಮೆ ಓದಿದಳು. ಅವಳ ಹೆಸರು ಇರಲಿಲ್ಲ.

ಗುಂಪು ನಿಧಾನಕ್ಕೆ ಅವಳ ಕಡೆ ತಿರುಗಿತು. ರೋಲರ್‌ಗೆ ಬಟ್ಟೆ ಉಣಿಸುವ ಹೆಂಗಸೊಬ್ಬಳಿದ್ದಳು. ಯಂತ್ರದ ಸದ್ದಿನ ಮೇಲೂ ಕೇಳುವ ದನಿ. ಕಹಳೆ ಅಂತ ಕರೆಯುತ್ತಿದ್ದರು.

"ನಿಂದು ಮೂರು ಗಂಟೆ ಅಂದಿದ್ದೆಯಲ್ಲೇ ಉದ್ದಿ?" ಅಂದಳು ಕಹಳೆ. "ನಿನ್ನ ಹೆಸರೆಲ್ಲಿ?"

"ನನಗೂ ಗೊತ್ತಿಲ್ಲ."

"ಗೊತ್ತಿಲ್ಲವಂತೆ! ಹತ್ತು ಜನರ ಬಾಯಿ ಬಿಡಿಸಿದೆ. ಅವರ ಅನ್ನಕ್ಕೆ ಕಲ್ಲು ಹಾಕಿ ನೀನು ದಡ ಸೇರ್ಕೊಂಡೆ. ಎಷ್ಟು ದಿನದಿಂದ ಮಾಡ್ತಿದ್ದೀಯ ಈ ದಲ್ಲಾಳಿ ಕೆಲಸ?"

ಉದ್ದಕ್ಕ ಕುಳ್ಳಿಯ ಮುಖ ನೋಡಿದಳು. ನೀನಾದರೂ ಹೇಳೇ ಅನ್ನುವ ಹಾಗೆ. ಕುಳ್ಳಿ ಬೋರ್ಡಿನ ಕಡೆಯೇ ನೋಡುತ್ತಿದ್ದಳು. ಅವಳಿಗೆ ಓದಲು ನಿಧಾನ. ತನ್ನ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟುತ್ತಿದ್ದಳು. ಅಷ್ಟಕ್ಕೇ ತೋಳು ಎತ್ತಲಾರದೆ ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡಿದ್ದಳು.

ಉದ್ದಕ್ಕ ನೇರ ಪಟ್ಟಿಯವನ ಕೋಣೆಗೆ ಹೋದಳು.

"ನನ್ನ ಹೆಸರು ಯಾಕಿಲ್ಲ?"

ಪಟ್ಟಿಯವನು ನಕ್ಕ. "ಇಲ್ಲ ಅಂತ ಅಳೋಕೆ ಬಂದ ಮೊದಲನೆಯವಳು ನೀನೇ. ಶೀಟು ನೇತುಹಾಕೋ ಮೇಲಿನ ಸರಳಿಗೆ ಏಣಿ ಇಲ್ಲದೆ ಕೈ ಎಟುಕೋದು ನಿನಗೊಬ್ಬಳಿಗೇ. ನಿನ್ನ ಕಳಿಸಿ ಏಣಿ ತರಿಸ್ಲಾ? ಹಾಳೆಯಲ್ಲಿ ಮೂರು ಅಂತ ಇತ್ತು. ನಾನೇ ಆರು ಮಾಡ್ದೆ. ಉಪಕಾರ ಅಂತ ನೆನಪಿಟ್ಕೋ."

"ಹಾಗಾದ್ರೆ ಅವರದ್ದೂ ಆರು ಮಾಡಿ."

"ಎಲ್ಲರದ್ದೂ ಮಾಡಿದ್ರೆ ವರದಿಗೆ ಬೆಲೆ ಎಲ್ಲಿರುತ್ತೆ?"

ಆ ವರದಿ ಮೇಜಿನ ಮೇಲೇ ಬಿದ್ದಿತ್ತು. ಉದ್ದಕ್ಕನಿಗೆ ಅದು ತಲೆಕೆಳಗಾಗಿ ಕಾಣುತ್ತಿತ್ತು. ತಲೆಕೆಳಗಾಗಿಯೇ ಓದಿದಳು. "ಪಾಳಿಗಳನ್ನು ಸರಿಪಡಿಸಿ, ಒಂದೇ ಸಲಕ್ಕೆ ಏಳು ಗಂಟೆ ನಿದ್ದೆಗೆ ಅವಕಾಶ ಕೊಡುವ ತನಕ ಐದು ಗಂಟೆಗಿಂತ ಕಡಿಮೆ ನಿದ್ದೆ ಮಾಡುವವರನ್ನು ಬಿಸಿ ಯಂತ್ರದ ಬಳಿ ನಿಲ್ಲಿಸುವುದು ಅಪಾಯಕರ." ಬೋರ್ಡಿನ ಮೇಲೆ ಅಂಟಿಸಿದ್ದು ಆ ವಾಕ್ಯದ ಬಾಲ ಮಾತ್ರ. ತಲೆಯನ್ನು ಕತ್ತರಿಸಿ ಬಿಸಾಕಿದ್ದರು.

"ಪಾಳಿ ಸರಿಮಾಡಿ ಅಂತ ಬರೆದಿದ್ದಾರಲ್ಲ."

ಪಟ್ಟಿಯವನು ಹಾಳೆಯನ್ನು ತಿರುಗಿಸಿ ಬೋರಲು ಹಾಕಿದ. "ಆ ಡಾಕ್ಟರಮ್ಮ ಇನ್ಮೇಲೆ ಬರಲ್ಲ. ಹಳಬರೇ ಬರ್ತಾರೆ. ಮನೇಲಿ ಮುದುಕಿ ಇದ್ದಾಳೆ, ಓದೋ ಮಗಳಿದ್ದಾಳೆ. ಸಂಜೆ ಪಾಳಿಗೆ ಬಾ. ಹೊಸ ಜೋಡಿ ಕೊಡ್ತೀನಿ. ನಿನ್ನಷ್ಟೇ ಎತ್ತರದವಳು."

ಉದ್ದಕ್ಕ ಬಾಗಿಲ ಕಡೆ ತಿರುಗಿದಳು. ಮುದುಕಿ ಅಂದ ಕೂಡಲೇ ಕಿಟಕಿಯ ಪಕ್ಕದ ಮಂಚ ಕಣ್ಣಿಗೆ ಕಟ್ಟಿತು. ಆ ಮಂಚವನ್ನು ಎಲ್ಲಿಗೆ ಒಯ್ಯುವುದು? ಹೊಸ ಜೋಡಿ ಅಂದಾಗ ಅವಳ ಸೊಂಟ ಆಸೆಪಟ್ಟಿತು. ನಿಜ. ಎಂಟುನೂರು ಸಲ ಬಾಗದೆ ಇರಬಹುದು ಅಂತ ಆ ಕ್ಷಣ ಅವಳ ಮೈ ಒಳಗೊಳಗೇ ಹಿಗ್ಗಿತು. ಆ ಹಿಗ್ಗು ಅವಳಿಗೆ ಗೊತ್ತಾಯಿತು. ತನ್ನ ಮೈ ಮೇಲೆ ತನಗೇ ಹೇಸಿಗೆಯಾಯಿತು.

ಮನೆಗೆ ಬಂದು ಬಿದ್ದುಕೊಂಡಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಪಕ್ಕದ ಗೋಡೆಯಾಚೆ ಕುಳ್ಳಿಯ ಕೋಣೆ. ಕೂಸು ಅಳುತ್ತಿತ್ತು. ಪಾತ್ರೆಗಳನ್ನು ಒಂದರೊಳಗೊಂದು ಇಡುವ ಸದ್ದು ಕೇಳುತ್ತಿತ್ತು. ಕುಳ್ಳಿ ಆಗಲೇ ಕಟ್ಟಿಕೊಳ್ಳುತ್ತಿದ್ದಳು.

ಅತ್ತೆಗೆ ಎಲ್ಲ ಹೇಳಿದಳು. ಏನೂ ಮುಚ್ಚಿಡಲಿಲ್ಲ. ಹೊಸ ಜೋಡಿಗೆ ಆಸೆಪಟ್ಟದ್ದನ್ನೂ ಹೇಳಿದಳು.

ಮುದುಕಿ ಮಂಚದ ಅಂಚಿಗೆ ಜರುಗಿ ಕೂತಳು. ಆಮೇಲೆ ಕೇಳಿದಳು: "ನನ್ನ ಸಲುವಾಗಿ ಹೆದರ್ತಿದ್ದೀಯಾ?"

"ನಿಮ್ಮ ಸಲುವಾಗಿ. ಅವಳ ಓದಿನ ಸಲುವಾಗಿ. ನನ್ನ ಸಲುವಾಗಿ. ಹೆದರೋಕೆ ಒಂದು ಕಾರಣ ಆದ್ರೆ ಹೇಳಬಹುದು."

"ನಾನು ಎಲ್ಲಿ ಬೇಕಾದ್ರೂ ಸಾಯ್ತೀನಿ ಕಣೇ. ನೀನು ಇಲ್ಲೇ ಸಾಯ್ತಾ ಇದ್ದೀಯ. ದಿನಾ ಈ ಮಂಚದ ಮೇಲಿಂದ ನೋಡ್ತೀನಿ. ಮಗನ್ನ ಒಂದೇ ಸಲಕ್ಕೆ ಕಳ್ಕೊಂಡೆ. ನಿನ್ನ ಚೂರು ಚೂರಾಗಿ ಕಳ್ಕೊಳ್ತಿದ್ದೀನಿ. ಅದು ಬೇಡ."

ಬಾಗಿಲಲ್ಲಿ ಮಗಳು ನಿಂತಿದ್ದಳು. ಯಾವಾಗ ಬಂದಳೋ. "ಕುಳ್ಳಿ ಚಿಕ್ಕಮ್ಮ ಎಲ್ಲಿಗೆ ಹೋಗ್ತಾರಮ್ಮ?" ಅಂದಳು.

"ಗೊತ್ತಿಲ್ಲ."

"ನಾವು?"

ಅದಕ್ಕೂ ಉತ್ತರ ಅದೇ. ಉದ್ದಕ್ಕ ಗೋಡೆ ಹಿಡಿದು ಎದ್ದಳು. ಮಗಳ ಪೆನ್ನು ಕೇಳಿ ಇಸಕೊಂಡಳು.

ಸಂಜೆ ಪಾಳಿಯ ಗಂಟೆ ಹೊಡೆಯುವ ಮೊದಲು ಬೋರ್ಡಿನ ಮುಂದೆ ಹೋಗಿ ನಿಂತಳು. ಹತ್ತು ಹೆಸರಿನ ಕೆಳಗೆ ಹನ್ನೊಂದು ಅಂತ ಹಾಕಿ ತನ್ನ ಹೆಸರು ಬರೆದಳು. ಪಕ್ಕದಲ್ಲಿ ಬರೆದಳು: ನಿದ್ದೆ ಮೂರು ಗಂಟೆ. ಅದರ ಪಕ್ಕದಲ್ಲಿ ಜಾಗ ಸಿಕ್ಕಷ್ಟು ಬರೆದಳು: ಆರು ಮಾಡಿದ್ದು ಸುಳ್ಳು. ಪಾಳಿ ಸರಿಮಾಡಿ ಅಂತ ಡಾಕ್ಟರು ಬರೆದದ್ದನ್ನು ಕತ್ತರಿಸಿದ್ದಾರೆ.

ಹಿಂದಿನಿಂದ ಪಟ್ಟಿಯವನು ಬಂದ. "ಏನೇ ಇದು? ಅಳಿಸು."

"ಅಳಿಸಲ್ಲ."

"ಕೋಣೆ?"

"ಗೊತ್ತು."

"ಗೊತ್ತಿದ್ದೂ ಮಾಡ್ತಿದ್ದೀಯಲ್ಲ, ತಲೆ ಸರಿ ಇದೆಯಾ?"

"ಇಲ್ಲ. ಮೂರು ವರ್ಷದಿಂದ ನಿದ್ದೆ ಇಲ್ಲ. ತಲೆ ಹ್ಯಾಗೆ ಸರಿ ಇರುತ್ತೆ?" ಅಂದಳು ಉದ್ದಕ್ಕ. ಪೆನ್ನನ್ನು ಬೋರ್ಡಿನ ಮೇಲಂಚಿನಲ್ಲಿ ಇಟ್ಟು ಹೊರಟಳು. ಅಷ್ಟು ಮೇಲಿದ್ದ ಪೆನ್ನು ಪಟ್ಟಿಯವನ ಕೈಗೆ ಎಟುಕಲಿಲ್ಲ.

ಬೋರ್ಡು ಓದಿದವರ ಬಾಯಿಂದ ಸುದ್ದಿ ಅದೇ ರಾತ್ರಿ ಹತ್ತೂ ಕೋಣೆಗಳಿಗೆ ಮುಟ್ಟಿತು. ಮರುದಿನ ಬೆಳಿಗ್ಗೆ ಹನ್ನೊಂದು ಹೆಂಗಸರು ಗೇಟಿನ ಮುಂದೆ ಕೂತರು. ವ್ಯಾನುಗಳು ಒಳಗೆ ಹೋಗುವ ದಾರಿಗೆ ಅಡ್ಡವಾಗಿ ಕೂತರು. ಘೋಷಣೆ ಇರಲಿಲ್ಲ, ಬ್ಯಾನರ್ ಇರಲಿಲ್ಲ. ಅಂಥದ್ದೆಲ್ಲ ಮಾಡಿ ಯಾರಿಗೂ ಅಭ್ಯಾಸವಿರಲಿಲ್ಲ. ಕುಳ್ಳಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಉದ್ದಕ್ಕನ ಪಕ್ಕದಲ್ಲೇ ಕೂತಿದ್ದಳು. ಅವಳ ಕಡೆ ಕತ್ತೆತ್ತಿ, "ಕೂತಾಗಲೂ ನೀನೇ ಎತ್ತರ," ಅಂದಳು.

ಉಳಿದ ಇಪ್ಪತ್ತೊಂಬತ್ತು ಜನ ಬಂದರು. ಕೂತವರ ಪಕ್ಕದಿಂದಲೇ ಒಳಗೆ ಹೋಗಬೇಕು. ತಲೆ ತಗ್ಗಿಸಿಕೊಂಡು ಹೋದರು. ಒಬ್ಬಳ ಚಪ್ಪಲಿ ಉದ್ದಕ್ಕನ ಕಾಲಿಗೆ ತಗುಲಿತು. "ತಪ್ಪಾಯ್ತಕ್ಕ," ಅಂದಳು, ಹೋದಳು. ಕಹಳೆಯೂ ಹೋದಳು. ಗೇಟಿನಾಚೆ ಮೂರು ಹೆಜ್ಜೆ ಇಟ್ಟು ನಿಂತಳು. ತಿರುಗಿ ಬಂದು ಧೊಪ್ಪನೆ ಕೂತಳು.

"ನಾನು ಏಳು ಗಂಟೆ ಅಂದಿದ್ದೆ," ಅಂದಳು. ಮೊದಲ ಸಲ ಅವಳ ದನಿ ಸಣ್ಣದಾಗಿತ್ತು. "ನಿನ್ನ ಮಾತು ನಂಬಲಿಲ್ಲ, ಬಚಾವಾದೆ. ನಂಬಿದವರು ಬೀದಿಗೆ ಬಿದ್ರು. ನಿನ್ನೆ ಬಾಯಿಗೆ ಬಂದಂಗೆ ಅಂದೆ. ಬೈಬೇಕಿದ್ರೆ ಈಗ ಬೈಯಿ."

"ಬೈಯೋಕೆ ತ್ರಾಣ ಇಲ್ಲ ಕಣೇ. ಕೂತ್ಕೋ."

ಒಳಗೆ ರೋಲರ್ ಶುರುವಾಯಿತು. ಬಾಕಿ ಇಪ್ಪತ್ತೆಂಟು ಜನ ಕೆಲಸಕ್ಕೆ ನಿಂತಿದ್ದರು.

ಒಂಬತ್ತು ಗಂಟೆಗೆ ಪಟ್ಟಿಯವನು ಬಂದ. ಕೈಯಲ್ಲಿ ಅಚ್ಚು ಹಾಕಿದ ಹಾಳೆಗಳು, ಒಂದು ಪೆನ್ನು. ದನಿ ಮೆತ್ತಗಾಗಿತ್ತು. "ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿದ್ದಾರೆ. ಇದಕ್ಕೆ ಸಹಿ ಹಾಕಿದವರೆಲ್ಲ ಈಗಲೇ ಒಳಗೆ ಬರಬಹುದು. ಹೆಸರೂ ಉಳಿಯುತ್ತೆ, ಕೋಣೆಯೂ ಉಳಿಯುತ್ತೆ."

ಕುಳ್ಳಿ ಹಾಳೆ ಇಸಕೊಂಡಳು. "ಅಕ್ಕ, ಸಹಿ ಹಾಕ್ಲಾ?"

ಉದ್ದಕ್ಕ ಅವಳ ತೊಡೆಯ ಮೇಲಿನ ಕೂಸನ್ನು ನೋಡಿದಳು. ಬೇಡ ಅನ್ನಲು ತನಗೆ ಯಾವ ಹಕ್ಕು? ಒಂದು ಸಲ ತನ್ನ ಮಾತು ಕೇಳಿ ಇವಳು ಇಲ್ಲಿ ಕೂತಿದ್ದಾಳೆ. "ನಿನ್ನಿಷ್ಟ ಕಣೇ. ಹಾಕಿದ್ರೆ ನಾನು ತಪ್ಪು ತಿಳಿಯಲ್ಲ. ಏನು ಬರೆದಿದೆ ಅಂತ ಮೊದಲು ಕೇಳ್ಕೋ."

ಕಹಳೆ ಹಾಳೆ ಕಿತ್ತುಕೊಂಡು ಓದಿದಳು. ಬೀದಿಗೆಲ್ಲ ಕೇಳಿಸಿತು. "ನಾನು ಪ್ರತಿದಿನ ಏಳು ಗಂಟೆ ನಿದ್ದೆ ಮಾಡುತ್ತೇನೆ. ನನ್ನ ನಿದ್ದೆಗೆ ನಾನೇ ಜವಾಬ್ದಾರಳು. ಯಂತ್ರದ ಬಳಿ ಕೈಕಾಲಿಗೆ ಏನೇ ಆದರೂ ಅದಕ್ಕೂ ನಾನೇ ಜವಾಬ್ದಾರಳು."

ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. "ಏಳು ಗಂಟೆಯಂತೆ! ನಮ್ಮನೇಲಿ ಬೆಕ್ಕೂ ಮಲಗಲ್ಲ ಅಷ್ಟು ಹೊತ್ತು." ಇನ್ನೊಬ್ಬಳು ನಕ್ಕಳು. ಆಮೇಲೆ ತಡೆಯಲಾಗಲಿಲ್ಲ. ಪಕ್ಕೆ ಹಿಡಿದುಕೊಂಡು, ಹೆಗಲು ಹಿಡಿದುಕೊಂಡು, ಅಯ್ಯೋ ಅನ್ನುತ್ತ ನಕ್ಕರು. ಕುಳ್ಳಿ ನಗಲಿಲ್ಲ. ಹಾಳೆಯನ್ನು ವಾಪಸ್ ಇಸಕೊಂಡು ಮಂಡಿಯ ಮೇಲೆ ಇಟ್ಟುಕೊಂಡಳು. ಏಳು ಅನ್ನುವ ಮಾತಿನ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ ಅಕ್ಷರ ಅಕ್ಷರ ಕೂಡಿಸಿ 'ಎರಡು' ಅಂತ ಬರೆದಳು. ನಾನೇ ಜವಾಬ್ದಾರಳು ಅನ್ನುವುದರ ಮೇಲೂ ಎರಡು ಕಡೆ ಗೆರೆ ಎಳೆದಳು. ಸಹಿ ಹಾಕಿ ಪಟ್ಟಿಯವನ ಕೈಗೆ ಕೊಟ್ಟಳು.

"ತಗೊಳ್ಳಿ. ಸಹಿ ಹಾಕಿದ್ದೀನಿ."

ನಗು ನಿಂತಿತು. ಹಾಳೆಗಳು ಕೈಯಿಂದ ಕೈಗೆ ಹೋದವು. ಮೂರು. ಎರಡೂವರೆ. ನಾಲ್ಕು. ಕಹಳೆ ಬರೆದಳು: ಮೂರು, ಅವತ್ತು ಹೇಳಿದ್ದು ಸುಳ್ಳು.

ಪಟ್ಟಿಯವನು ಹನ್ನೆರಡು ಹಾಳೆಗಳನ್ನೂ ನೋಡಿದ. ಮುಖ ಕಪ್ಪಿಟ್ಟಿತು. "ಮುಗೀತು. ನಿಮ್ಮ ಹಣೆಬರಹ," ಅಂದ.

ಹತ್ತು ಗಂಟೆಗೆ ಆಸ್ಪತ್ರೆಯ ವ್ಯಾನು ಬಂತು. ಹನ್ನೆರಡು ಹೆಂಗಸರನ್ನು ನೋಡಿ ಡ್ರೈವರ್ ಬ್ರೇಕ್ ಹಾಕಿದ. ಇಳಿದು ಬಂದ. "ದಾರಿ ಬಿಡಿ ತಾಯಿ. ಅಲ್ಲಿ ರೋಗಿಗಳು ಬರೀ ರಬ್ಬರ್ ಶೀಟಿನ ಮೇಲೆ ಮಲಗಿದ್ದಾರೆ. ಅವರದ್ದೇನು ತಪ್ಪು?"

ಆ ಮಾತು ಉದ್ದಕ್ಕನಿಗೆ ಚುಚ್ಚಿತು. ರಬ್ಬರ್ ಮೇಲೆ ಬೆನ್ನು ಹೇಗೆ ಬೇಯುತ್ತದೆ ಅಂತ ಅವಳಿಗೆ ಗೊತ್ತಿತ್ತು. ಗಂಡ ಕೊನೆಯ ಎರಡು ದಿನ ಹಾಗೇ ಮಲಗಿದ್ದ. ವ್ಯಾನು ಒಳಗೆ ಹೋಗುವಷ್ಟು ಜರುಗೋಣ ಅಂದುಕೊಂಡಳು. ಕೈ ನೆಲಕ್ಕೆ ಊರಿದಳು. ಸೊಂಟ ಹಿಡಿದುಕೊಂಡಿತು. ಇನ್ನೊಮ್ಮೆ ಊರಿದಳು. ಕಣ್ಣು ಕತ್ತಲಿಟ್ಟಿತು. ಕುಳ್ಳಿ ಎತ್ತಲು ಬಂದಳು, ಅವಳ ತೋಳು ಮೇಲಕ್ಕೆ ಬರಲಿಲ್ಲ.

"ಏಳೋಕಾಗ್ತಿಲ್ಲಪ್ಪ," ಅಂದಳು ಡ್ರೈವರಿಗೆ. "ಬೇಡ ಅಂತಲ್ಲ. ಆಗ್ತಿಲ್ಲ."

"ನಾಟಕ," ಅಂದ ಪಟ್ಟಿಯವನು. ಗೇಟಿನ ಕಾವಲಿನವರನ್ನು ಕರೆದ. "ಎತ್ತಿ ಪಕ್ಕಕ್ಕೆ ಹಾಕ್ರೋ."

ಇಬ್ಬರು ಬಂದರು. ಕಂಕುಳಿಗೆ ಕೈ ಹಾಕಿ ಮೂಟೆ ಎತ್ತುವ ಹಾಗೆ ಎತ್ತಿದರು.

ಉದ್ದಕ್ಕ ಕೂಗಿದಳು.

ಅಂಥ ಕೂಗನ್ನು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. ಹೆರುವಾಗಲೂ ಹಲ್ಲು ಕಚ್ಚಿದ್ದ ಹೆಂಗಸು. ಕುಳ್ಳಿಯ ಕೂಸು ಬೆಚ್ಚಿ ಅಳಲು ಶುರುಮಾಡಿತು. ಡ್ರೈವರ್ ಎರಡು ಹೆಜ್ಜೆ ಹಿಂದೆ ಸರಿದ. ಕಾವಲಿನವರು ಸುಟ್ಟವರ ಹಾಗೆ ಕೈಬಿಟ್ಟರು. ಅವಳು ಇದ್ದ ಜಾಗಕ್ಕೇ ಕುಸಿದಳು.

ಒಳಗೆ ರೋಲರ್ ಸದ್ದು ನಿಂತಿತು.

ಯಾರೂ ಹೊರಗೆ ಬರಲಿಲ್ಲ. ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಯಂತ್ರ ಮಾತ್ರ ನಿಂತಿತ್ತು. ನಿಂತು ಕೇಳುತ್ತಿದ್ದ ಹಾಗಿತ್ತು. ಉದ್ದಕ್ಕ ಎರಡೂ ಕೈ ನೆಲಕ್ಕೆ ಕೊಟ್ಟು ಉಸಿರು ಹಿಡಿಯಲು ಹೆಣಗಿದಳು. ಉಸಿರು ಸಿಕ್ಕಿತು. ಮುಖವನ್ನು ಗೇಟಿನ ಕಡೆ ಎತ್ತಿ, ಒಳಗಿನವರಿಗೆ ಕೇಳಲಿ ಅಂತ ಇನ್ನೊಮ್ಮೆ ಕೂಗಿದಳು.

ಈ ಸಲ ಅವಳನ್ನು ಯಾರೂ ಮುಟ್ಟಿರಲಿಲ್ಲ.